ರೋವರ್ಸ್ ಕಪ್ ಗೆದ್ದ ನಮ್ಮವರು: ಬೆಂಗಳೂರು ಮುಸ್ಲಿಮ್ಸ್

ಮುಂಬೈಯ ರೋವರ್ಸ್ ಕಪ್ ಫುಟ್‌ಬಾಲ್ ಟೂರ್ನಿ ಶುರುವಾದದ್ದು 1891ರಲ್ಲಿ. ದಶಕಗಳ ಕಾಲ ಆ ಕಪ್ ಬ್ರಿಟಿಷ್ ಪಲ್ಟನ್‌ಗಳ ಕೈಯಲ್ಲೇ ಓಡಾಡಿತು. 1923ರಲ್ಲಿ ಕಲ್ಕತ್ತೆಯ ಮೋಹನ್ ಬಾಗಾನ್ ಫೈನಲ್ ತಲುಪಿದರೂ ಡರ್ಹಮ್ ಲೈಟ್ ಇನ್‌ಫೆಂಟ್ರಿ ಎದುರು ಸೋತಿತು. ಸೇನೆಗೆ ಸೇರದ ಭಾರತೀಯ ತಂಡವೊಂದು ಮೊದಲ ಬಾರಿಗೆ ಆ ಕಪ್ ಎತ್ತಿದ್ದು 1937ರಲ್ಲಿ. ಆ ತಂಡ ನಮ್ಮ ನಾಡಿನದೇ: ಬೆಂಗಳೂರು ಮುಸ್ಲಿಮ್ಸ್.

ಗೆಲುವೇನೂ ಸಲೀಸಾಗಿ ಒದಗಿದ್ದಲ್ಲ. ಫೈನಲ್‌ನಲ್ಲಿ ಎದುರಾದದ್ದು ಕಲ್ಕತ್ತೆಯ ಮೊಹಮ್ಮದನ್ ಸ್ಪೋರ್ಟಿಂಗ್. 1934ರಿಂದ 1938ರವರೆಗೆ ಸತತ ಐದು ಸಲ ಕಲ್ಕತ್ತ ಲೀಗ್ ಗೆದ್ದ, 1936ರಲ್ಲಿ ಐಎಫ್ಎ ಶೀಲ್ಡನ್ನೂ ಬಗಲಿಗೆ ಹಾಕಿಕೊಂಡಿದ್ದ ತಂಡ ಅದು. ದೇಶದಲ್ಲಿ ಅದಕ್ಕೆ ಸರಿಸಾಟಿ ಇಲ್ಲ ಎನ್ನುತ್ತಿದ್ದ ದಿನಗಳಲ್ಲಿ ಬೆಂಗಳೂರಿನ ಹುಡುಗರು ಅದನ್ನು 1–0 ಗೋಲಿನಿಂದ ಮಣಿಸಿದರು. ಮರುವರ್ಷವೂ ಕಪ್ಪನ್ನು ಬಿಟ್ಟುಕೊಡಲಿಲ್ಲ. 1940ರ ಫೈನಲ್‌ನಲ್ಲಿ ಅದೇ ಮೊಹಮ್ಮದನ್ ಸ್ಪೋರ್ಟಿಂಗ್ ಸೇಡು ತೀರಿಸಿಕೊಂಡಿತು. 1948ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಮೂರನೇ ಬಾರಿ ಗೆದ್ದಿತು.

ಬೆಂಗಳೂರಿಗೆ ಈ ಶಕ್ತಿ ಬಂದದ್ದು ದಂಡಿನಿಂದ. 1809ರಿಂದ ಬೆಳೆದ ದಂಡು ಪ್ರದೇಶದಲ್ಲಿ ಬ್ರಿಟಿಷ್ ಸೈನಿಕರು ಸಂಜೆ ಹೊತ್ತು ಚೆಂಡು ಒದೆಯುತ್ತಿದ್ದರು. ಹಲಸೂರು, ಗೌತಮಪುರ, ಶಿವಾಜಿನಗರ, ಆಸ್ಟಿನ್ ಟೌನ್‌ಗಳ ಬಡವರ ಮಕ್ಕಳು ಆಟವನ್ನು ನೋಡಿಯೇ ಕಲಿತರು, ಬರಿಗಾಲಲ್ಲೇ ಆಡಿದರು, ಕೊನೆಗೆ ಪಲ್ಟನ್‌ಗಳ ಎದುರೇ ಮೈದಾನಕ್ಕೆ ಇಳಿದರು.

ಬರಿಗಾಲ ಆಟ ಎಷ್ಟು ಕಷ್ಟದ್ದೆಂದು ತಿಳಿಯಲು ಅಂದಿನ ಚೆಂಡನ್ನು ನೋಡಬೇಕು. ದಪ್ಪ ಚರ್ಮದ ಪಟ್ಟಿಗಳನ್ನು ಕೂಡಿಸಿ ಹೊಲಿದು, ಒಳಗೆ ರಬ್ಬರ್ ಬ್ಲಾಡರ್ ತೂರಿಸಿ, ಗಾಳಿ ತುಂಬಿ, ಬಾಯಿಯನ್ನು ಚರ್ಮದ ದಾರದಿಂದ ಬಿಗಿಯುತ್ತಿದ್ದರು. ತಲೆಯಿಂದ ಹೊಡೆಯುವಾಗ ಆ ದಾರದ ಗಂಟು ತಾಗಿದರೆ ಹಣೆಯ ಚರ್ಮ ಕಿತ್ತುಬರುತ್ತಿತ್ತು. ಬೆಂಗಳೂರಿನವರು ಕಪ್ ಗೆದ್ದ 1937ರಲ್ಲೇ ಆಟದ ನಿಯಮವು ಚೆಂಡಿನ ತೂಕವನ್ನು 13–15 ಔನ್ಸ್‌ನಿಂದ 14–16 ಔನ್ಸ್‌ಗೆ ಏರಿಸಿತು. ಇದು ಒಣಗಿದ ಚೆಂಡಿನ ಲೆಕ್ಕ. ಮಳೆ ಬಿದ್ದರೆ ಚರ್ಮ ನೀರು ಕುಡಿದು ಚೆಂಡು ಇನ್ನಷ್ಟು ಭಾರವಾಗುತ್ತಿತ್ತು. ಕಣಕಾಲಿಗೆ ಬಟ್ಟೆಯ ಪಟ್ಟಿ ಸುತ್ತಿಕೊಂಡವರಿಗೆ ಆಗ ನೆಲವೂ ಜಾರುತ್ತಿತ್ತು, ಎದುರಾಳಿಯ ಬೂಟೂ ತುಳಿಯುತ್ತಿತ್ತು. ಒಣ ನೆಲದಲ್ಲಿ ಮಾತ್ರ ಬರಿಗಾಲಿನದೇ ಮೇಲುಗೈ: ಬೆರಳ ತುದಿಗೆ ಚೆಂಡಿನ ಸ್ಪರ್ಶ ಸಿಗುತ್ತದೆ, ತಿರುಗುವುದೂ ಚುರುಕು.

ಈ ಪರಂಪರೆಯ ಫಲ ದೇಶಕ್ಕೇ ದಕ್ಕಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿದ ಭಾರತ ತಂಡ ಫ್ರಾನ್ಸ್‌ಗೆ 2–1ರಿಂದ ಸೋತಿತು. ಆ ಪಂದ್ಯದಲ್ಲಿ ಸ್ವತಂತ್ರ ಭಾರತದ ಮೊದಲ ಗೋಲು ಹೊಡೆದವರು ಮೈಸೂರು ತಂಡದ ಸಾರಂಗಪಾಣಿ ರಾಮನ್. ಆ ಭಾರತ ತಂಡದಲ್ಲೇ ಇದ್ದ ಬೆಂಗಳೂರಿನ ಅಹ್ಮದ್ ಖಾನ್ ಮುಂದೆ ಕಲ್ಕತ್ತೆಯ ಈಸ್ಟ್ ಬೆಂಗಾಲ್‌ನ 'ಪಂಚ ಪಾಂಡವ'ರೆಂದು ಹೆಸರಾದ ಐವರು ಫಾರ್ವರ್ಡ್ ಆಟಗಾರರಲ್ಲಿ ಒಬ್ಬರಾದರು.

ಇದೆಲ್ಲ ಬೆಂಗಳೂರಿನ ಮಾತು, ನಮ್ಮ ಕೊಪ್ಪಳ ಜಿಲ್ಲೆಗೇನು ಎಂದು ಯಾರಾದರೂ ಕೇಳಬಹುದು. ಆಗ ಕೊಪ್ಪಳ, ಯಲಬುರ್ಗಾ ನಿಜಾಮರ ದಿವಾನ ಮನೆತನದ ಸಾಲಾರ್ ಜಂಗರ ಜಹಗೀರಿನಲ್ಲಿದ್ದವು. ಗಂಗಾವತಿ, ಕುಷ್ಟಗಿ ನಿಜಾಮರ ರಾಯಚೂರು ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರವರೆಗೂ ನಾವು ಹೈದರಾಬಾದ್ ರಾಜ್ಯದವರೇ. ಆ ರಾಜ್ಯದ ಹೈದರಾಬಾದ್ ಸಿಟಿ ಪೊಲೀಸ್ ತಂಡವು ಸೈಯದ್ ಅಬ್ದುಲ್ ರಹೀಮ್ ಅವರ ತರಬೇತಿಯಲ್ಲಿ 1950ರಿಂದ 1954ರವರೆಗೆ ಸತತ ಐದು ಬಾರಿ ಇದೇ ರೋವರ್ಸ್ ಕಪ್ ಗೆದ್ದಿತು. 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಚಿನ್ನ ತಂದುಕೊಟ್ಟ ತರಬೇತುದಾರರೂ ರಹೀಮ್ ಅವರೇ. ಒಡೆದು ಹಂಚಿಹೋಗಿದ್ದ ಕನ್ನಡ ನಾಡಿನ ಮೈಸೂರು ಭಾಗಕ್ಕೂ ನಮ್ಮ ಭಾಗಕ್ಕೂ ಈ ಕಪ್ಪಿನ ನಂಟಿದೆ. ಎರಡೂ ಚರಿತ್ರೆ ನಮ್ಮವೇ ಎಂದು ಹೆಮ್ಮೆಯಿಂದ ಹೇಳಿಕೊಳ್ಳಬೇಕು.

ಮೈಸೂರು ರಾಜ್ಯ ತಂಡ 1946ರಲ್ಲಿ, 1952ರಲ್ಲಿ, ಮತ್ತೆ 1960ರ ದಶಕದ ಕೊನೆಯಲ್ಲಿ ಎರಡು ಸಲ ರಾಜ್ಯ ತಂಡಗಳ ಫುಟ್‌ಬಾಲ್ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದಿತು. ಬಳಿಕ ಅರ್ಧ ಶತಮಾನ ಮೀರಿದ ಬರ. ಅದು ನೀಗಿದ್ದು 2023ರ ಮಾರ್ಚ್‌ನಲ್ಲಿ. ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿತು.

ಬೆಂಗಳೂರು ಮುಸ್ಲಿಮ್ಸ್ ಬೆಳೆದ ಕೇರಿಗಳಲ್ಲಿ ಸಿರಿವಂತಿಕೆ ಇರಲಿಲ್ಲ. ಇದ್ದವು ಮೂರೇ: ನಡೆದುಹೋಗುವಷ್ಟು ಹತ್ತಿರದ ಮೈದಾನ, ಬಿಡುವಿಲ್ಲದ ಪಂದ್ಯಗಳು, ತಮಗಿಂತ ಬಲಿಷ್ಠ ಎದುರಾಳಿಗಳು. ಇವನ್ನು ಒದಗಿಸಲು ನಮ್ಮ ತಾಲ್ಲೂಕುಗಳಿಗೂ ಕೋಟಿ ಕೋಟಿ ಹಣ ಬೇಕಿಲ್ಲ. ಕಾಲೇಜು ಮೈದಾನಗಳನ್ನು ಕಟ್ಟಡಗಳಿಗೆ ಬಿಟ್ಟುಕೊಡದೆ ಕಾಯ್ದುಕೊಂಡು, ಹುಡುಗರಿಗೂ ಹುಡುಗಿಯರಿಗೂ ವರ್ಷವಿಡೀ ಪಂದ್ಯ ಕಟ್ಟಿಕೊಟ್ಟರೆ, ಕುಷ್ಟಗಿಯ ಆಟಗಾರರೂ ರಾಜ್ಯದ ಅಂಗಿ ತೊಡುವ ದಿನ ದೂರವಿಲ್ಲ.