ಜಾಲತಾಣವನ್ನು ಮತ್ತೆ ಕಟ್ಟಬಲ್ಲಿರಾ?

ಉತ್ಪನ್ನಗಳ ವಿವರ, ದರಪಟ್ಟಿ ಹಾಗೂ ವಿಚಾರಣಾ ಪತ್ರಗಳಿಗಾಗಿ ಸ್ವಂತ ಜಾಲತಾಣ ಹೊಂದಿರುವ ವರ್ತಕರೂ ಸಣ್ಣ ಉದ್ದಿಮೆದಾರರೂ ಇಂದು ಅನೇಕರಿದ್ದಾರೆ. ಅದನ್ನು ನಿರ್ಮಿಸಿಕೊಟ್ಟವರು ಊರು ಬಿಟ್ಟರೆ ಅಥವಾ ಸರ್ವರ್ ಕೆಟ್ಟರೆ, ಅದೇ ತಾಣವನ್ನು ಬೇರೊಬ್ಬರು ಕಟ್ಟಿ ನಿಲ್ಲಿಸಬಲ್ಲರೇ ಎಂದು ಕೇಳಿದರೆ ಮಾತ್ರ ಉತ್ತರ ಹೇಳಬಲ್ಲವರು ವಿರಳ. ಯಂತ್ರ ಕೊಂಡಾಗ ನಕ್ಷೆ, ಬಿಡಿಭಾಗಗಳ ಪಟ್ಟಿ ಕೇಳಿ ಪಡೆಯುವ ನಾವು, ತಂತ್ರಾಂಶದ ವಿಷಯದಲ್ಲಿ ಬಿಲ್ಲು ಪಾವತಿಸಿ ಸುಮ್ಮನಾಗುತ್ತೇವೆ.

ಡ್ರುಪಾಲ್ ಎಂಬ ವಿಷಯ ನಿರ್ವಹಣಾ ತಂತ್ರಾಂಶವನ್ನೇ ಗಮನಿಸೋಣ. ಬೆಲ್ಜಿಯಂನ ಡ್ರೀಸ್ ಬೈಟಾರ್ಟ್ ಇದನ್ನು 2001ರಲ್ಲಿ ಬಿಡುಗಡೆ ಮಾಡಿದರು. ಇದರ ಮೂಲ ಸಂಕೇತ ಎಲ್ಲರಿಗೂ ಲಭ್ಯ, ಪರವಾನಗಿ ಶುಲ್ಕವಿಲ್ಲ. ಸರ್ವರ್ ಬಾಡಿಗೆಗೂ ತಜ್ಞರ ದುಡಿಮೆಗೂ ಹಣ ತೆರಲೇಬೇಕು. ಉಚಿತವೆಂಬ ಮಾತನ್ನು ನಂಬಿ ಅಂದಾಜು ಹಾಕಬಾರದು.

2015ರಲ್ಲಿ ಬಂದ 8ನೆಯ ಆವೃತ್ತಿಯಿಂದ ಡ್ರುಪಾಲ್, ಸಿಂಫೊನಿ ಮೊದಲಾದ ಹೊರಗಿನ ಭಾಗಗಳನ್ನು ಹೆಚ್ಚಾಗಿ ಅವಲಂಬಿಸಿದೆ. ಅವುಗಳನ್ನು ತರಿಸಿ ಜೋಡಿಸುವ ಸಾಧನವೇ ಕಂಪೋಸರ್. ಅದಕ್ಕೆ ಎರಡು ಕಡತಗಳು ಮುಖ್ಯ. ಒಂದರಲ್ಲಿ ಬೇಕಾದ ಭಾಗಗಳು ಹಾಗೂ ಒಪ್ಪಬಹುದಾದ ಆವೃತ್ತಿಗಳ ವ್ಯಾಪ್ತಿ ಇರುತ್ತದೆ. 'ಲಾಕ್' ಎಂಬ ಇನ್ನೊಂದರಲ್ಲಿ ವಾಸ್ತವವಾಗಿ ಜೋಡಿಸಿದ ಪ್ರತಿ ಭಾಗದ ನಿಖರ ಆವೃತ್ತಿ. ಇಂಡೆಂಟಿಗೂ ಇನ್‌ವಾಯ್ಸಿಗೂ ಇರುವ ವ್ಯತ್ಯಾಸವೇ ಇದು. ಲಾಕ್ ಕಡತವಿದ್ದಲ್ಲಿ 'ಇನ್‌ಸ್ಟಾಲ್' ಆದೇಶವು ಹೊಸ ಸರ್ವರಿನಲ್ಲಿಯೂ ಅದೇ ಆವೃತ್ತಿಗಳನ್ನು ತಂದು ಜೋಡಿಸುತ್ತದೆ. 'ಅಪ್‌ಡೇಟ್' ಆದೇಶವಾದರೋ ಹೊಸ ಆವೃತ್ತಿಗಳನ್ನು ಹುಡುಕಿ ಲಾಕ್ ಕಡತವನ್ನೇ ಬದಲಿಸುತ್ತದೆ. ಆದುದರಿಂದ ವ್ಯವಹಾರ ನಡೆಯುತ್ತಿರುವ ಸರ್ವರಿನಲ್ಲಿ ಅದನ್ನು ನೇರವಾಗಿ ಚಲಾಯಿಸುವುದು ಅವಿವೇಕ. ಪ್ರಾಯೋಗಿಕ ಪ್ರತಿಯೊಂದರಲ್ಲಿ ನಡೆಸಿ, ಪುಟಗಳನ್ನು ಪರೀಕ್ಷಿಸಿದ ಬಳಿಕವೇ ಹೊಸ ಸಂಕೇತವನ್ನು ಮುಖ್ಯ ಸರ್ವರಿಗೆ ಒಯ್ಯಬೇಕು. ಅಲ್ಲಿ ದತ್ತಸಂಚಯವನ್ನು ನವೀಕರಿಸುವ ಆದೇಶವನ್ನೂ ನೀಡಬೇಕು. ಇದನ್ನು ಮರೆತರೆ ತಾಣ ನಿಂತುಹೋಗಬಹುದು.

ಸಂಕೇತವೊಂದೇ ಸಾಲದು. ಪುಟಗಳ ಬರಹ ಇರುವುದು ದತ್ತಸಂಚಯದಲ್ಲಿ. ಚಿತ್ರಗಳೂ ಪಿಡಿಎಫ್ ಪಟ್ಟಿಗಳೂ ಪ್ರತ್ಯೇಕ ಕೋಶದಲ್ಲಿ. ಇವೆರಡರ ನಕಲು ಸರ್ವರಿನ ಹೊರಗೆ ಇರತಕ್ಕದ್ದು.

ಇದೆಲ್ಲ ಏಕೆ ತುರ್ತೆಂಬುದನ್ನು 2014ರ ಪ್ರಸಂಗ ತೋರಿಸಿಕೊಟ್ಟಿತು. ಆ ವರ್ಷದ ಅಕ್ಟೋಬರ್ 15ರಂದು ಡ್ರುಪಾಲ್ 7ರ ಗಂಭೀರ ಭದ್ರತಾ ದೋಷವೊಂದನ್ನು ಅದರ ಪರಿಹಾರದೊಂದಿಗೆ ಪ್ರಕಟಿಸಲಾಯಿತು. ಏಳು ಗಂಟೆಗಳೊಳಗೆ ಸರಿಪಡಿಸದ ತಾಣಗಳೆಲ್ಲ ದಾಳಿಗೆ ತುತ್ತಾಗಿವೆಯೆಂದೇ ಭಾವಿಸಬೇಕು ಎಂದು ಡ್ರುಪಾಲಿನ ಭದ್ರತಾ ತಂಡವು ಅದೇ ತಿಂಗಳ 29ರಂದು ಎಚ್ಚರಿಸಿತು. ಏಳು ಗಂಟೆ! ನಮ್ಮಲ್ಲಿ ಅಷ್ಟರೊಳಗೆ ದೂರವಾಣಿಗೆ ಸಿಗುವ ತಂತ್ರಜ್ಞರೇ ಅಪರೂಪ. ತಡವಾಗಿ ಪರಿಹಾರ ಅಳವಡಿಸಿದ ಮಾತ್ರಕ್ಕೆ, ಒಳನುಗ್ಗಿದವರು ತೆರೆದಿಟ್ಟ ಹಿಂಬಾಗಿಲು ಮುಚ್ಚುತ್ತಿರಲಿಲ್ಲ. ಆ ದಿನಾಂಕಕ್ಕಿಂತ ಹಿಂದಿನ ನಕಲಿನಿಂದ ತಾಣವನ್ನು ಪುನಃ ಸ್ಥಾಪಿಸಬೇಕಾಗಿತ್ತು. ನಕಲನ್ನೇ ಇಡದವರು ಏನು ಮಾಡಬೇಕಿತ್ತು? ಡ್ರುಪಾಲ್ 7ಕ್ಕೆ ನೀಡುತ್ತಿದ್ದ ಅಧಿಕೃತ ಬೆಂಬಲವೂ 2025ರ ಜನವರಿ 5ರಂದು ಕೊನೆಗೊಂಡಿದೆ. ಇನ್ನೂ ಆ ಆವೃತ್ತಿಯನ್ನೇ ನಡೆಸುತ್ತಿರುವವರು ಇದನ್ನು ಗಮನಿಸಬೇಕು.

ಆದುದರಿಂದ ನಿರ್ಮಾಣದ ಒಪ್ಪಂದದಲ್ಲಿಯೇ ಎರಡೂ ಕಡತಗಳ ಸಹಿತ ಮೂಲ ಸಂಕೇತ, ದತ್ತಸಂಚಯದ ನಕಲು ಹಾಗೂ ಸ್ಥಾಪನೆಯ ಕ್ರಮವನ್ನು ಲಿಖಿತವಾಗಿ ಒಪ್ಪಿಸತಕ್ಕದ್ದೆಂದು ಬರೆಸಿಕೊಳ್ಳುವುದು ಒಳ್ಳೆಯದು. ಡೊಮೇನ್ ಹೆಸರು ಸಂಸ್ಥೆಯ ಹೆಸರಿನಲ್ಲಿಯೇ ನೋಂದಣಿಯಾಗಿರಲಿ. ಕೊನೆಯ ಕಂತು ಪಾವತಿಸುವ ಮುನ್ನ, ಖಾಲಿ ಸರ್ವರೊಂದರಲ್ಲಿ ಇಡೀ ತಾಣವನ್ನು ತಮ್ಮ ಸಮಕ್ಷಮದಲ್ಲಿ ಕಟ್ಟಿ ತೋರಿಸುವಂತೆ ಕೇಳಿರಿ.