ಶುಶ್ರೂಷೆಯ ಓದು: ನೋಂದಣಿಯಿಂದ ಹಿಂದಕ್ಕೆ ಎಣಿಸುವ ಲೆಕ್ಕ

ನರ್ಸಿಂಗ್ ಪರೀಕ್ಷೆಯಲ್ಲಿ ತೇರ್ಗಡೆಯಾದ ಮಾತ್ರಕ್ಕೆ ಯಾರೂ ಕಾನೂನಿನ ದೃಷ್ಟಿಯಲ್ಲಿ ಶುಶ್ರೂಷಕಿ ಅಥವಾ ಶುಶ್ರೂಷಕ ಎನಿಸುವುದಿಲ್ಲ. ಅಂಕಪಟ್ಟಿಗಳೊಡನೆ ರಾಜ್ಯದ ನರ್ಸಿಂಗ್ ಕೌನ್ಸಿಲಿಗೆ ಅರ್ಜಿ ಹಾಕಿ, ಅದರ ದಾಖಲೆಯಲ್ಲಿ ಹೆಸರು ಏರಿ, ನೋಂದಣಿ ಸಂಖ್ಯೆ ಕೈಗೆ ಬಂದ ಮೇಲಷ್ಟೇ ಆ ಅಧಿಕಾರ ಸಲ್ಲುತ್ತದೆ. ಜಾಹೀರಾತುಗಳಲ್ಲಿ ಕಾಣುವ ‘ಆರ್‌ಎನ್‌ಆರ್‌ಎಂ’ ಎಂಬ ಅಕ್ಷರಗಳ ಅರ್ಥವೂ ಇದೇ: ನೋಂದಾಯಿತ ಶುಶ್ರೂಷಕಿ ಮತ್ತು ನೋಂದಾಯಿತ ಸೂಲಗಿತ್ತಿ. 1947ರ ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗದಲ್ಲಿ ರಾಷ್ಟ್ರೀಯ ಆಯೋಗವೊಂದನ್ನು ತರುವ ಕಾಯ್ದೆಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿದೆಯಾದರೂ, ನೋಂದಣಿಯೇ ವೃತ್ತಿಯ ಹೆಬ್ಬಾಗಿಲು ಎಂಬ ತತ್ತ್ವ ಬದಲಾಗಿಲ್ಲ. ಆದುದರಿಂದ ಓದಿನ ಯೋಜನೆಯನ್ನು ಆ ಬಾಗಿಲಿನಿಂದ ಹಿಂದಕ್ಕೆ ಎಣಿಸುತ್ತ ಹಾಕುವುದು ಲೇಸು.

ಹಾಗೆ ಎಣಿಸುತ್ತ ಹೋದರೆ ಲೆಕ್ಕ ಬಂದು ನಿಲ್ಲುವುದು ಎಸ್‌ಎಸ್‌ಎಲ್‌ಸಿ ಮುಗಿಸಿ ಪಿಯುಸಿಯ ವಿಭಾಗ ಆರಿಸಿಕೊಳ್ಳುವ ದಿನಕ್ಕೆ. ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗಿಗೆ ಭೌತವಿಜ್ಞಾನ, ರಸಾಯನವಿಜ್ಞಾನ, ಜೀವವಿಜ್ಞಾನ ಮತ್ತು ಇಂಗ್ಲಿಷ್ ಓದಿರಬೇಕು. ಸಾಮಾನ್ಯ ವರ್ಗದವರು ಶೇ 45, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಶೇ 40 ಅಂಕ ಪಡೆದಿರಬೇಕು. ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಕರ್ನಾಟಕದಲ್ಲಿ ಸರ್ಕಾರಿ ಕೋಟಾದ ಸೀಟುಗಳು ಸಿಇಟಿಯ ಮೂಲಕ ಹಂಚಿಕೆಯಾಗುತ್ತವೆ, ಪದವಿಯನ್ನು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ನೀಡುತ್ತದೆ. ಮೂರು ವರ್ಷದ ಜಿಎನ್‌ಎಂ, ಅಂದರೆ ಸಾಮಾನ್ಯ ಶುಶ್ರೂಷೆ ಮತ್ತು ಸೂಲಗಿತ್ತಿತನದ ಡಿಪ್ಲೊಮಾ, ಕಲೆ ಮತ್ತು ವಾಣಿಜ್ಯ ಓದಿದವರಿಗೂ ತೆರೆದಿದೆ. ಎರಡು ವರ್ಷದ ಎಎನ್‌ಎಂ, ಅಂದರೆ ಸಹಾಯಕ ಶುಶ್ರೂಷೆ ಮತ್ತು ಸೂಲಗಿತ್ತಿತನದ ತರಬೇತಿ, ಮುಗಿಸಿದವರು ಹಳ್ಳಿಯ ಉಪಕೇಂದ್ರದಲ್ಲಿ ಲಸಿಕೆ, ಬಾಣಂತಿ ಆರೈಕೆಯಂಥ ಕೆಲಸಗಳಿಗೆ ಸಲ್ಲುತ್ತಾರೆ. ಜನ ಅವರನ್ನು ಈಗಲೂ ‘ಸಿಸ್ಟರ್’ ಎಂದೇ ಕರೆದರೂ ಇಲಾಖೆಯ ಕಡತದಲ್ಲಿ ಅವರು ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಗಳು.

ಇಲ್ಲಿ ಅನೇಕ ಮನೆಗಳಲ್ಲಿ ಒಂದು ಲೆಕ್ಕ ತಪ್ಪುತ್ತದೆ. ಜಿಎನ್‌ಎಂ ಆದವರು ಮುಂದೆ ಪದವಿ ಬೇಕೆಂದಾಗ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಓದಬೇಕಾಗುವುದರಿಂದ, ನಾಲ್ಕು ವರ್ಷದಲ್ಲಿ ತಲುಪಬಹುದಾಗಿದ್ದ ಜಾಗಕ್ಕೆ ಐದು ವರ್ಷ ಹಿಡಿಯುತ್ತದೆ. ಬೇಗ ಸಂಬಳ ತರಬೇಕಾದ ಒತ್ತಡವಿದ್ದರೆ, ಅಥವಾ ವಿಜ್ಞಾನ ಓದಿರದಿದ್ದರೆ, ಡಿಪ್ಲೊಮಾ ಸರಿಯಾದ ದಾರಿಯೇ. ಆದರೆ ವಿಜ್ಞಾನ ಓದಿಯೂ ಒಂದು ವರ್ಷ ಉಳಿಯಿತೆಂದು ಅದನ್ನು ಹಿಡಿಯುವುದು ಜಾಣತನವಲ್ಲ.

ಕಾಲೇಜನ್ನು ಆರಿಸುವಾಗ ನೋಡಬೇಕಾದದ್ದು ಕಟ್ಟಡವನ್ನಲ್ಲ, ಹಾಸಿಗೆಗಳನ್ನು. ಪದವಿ ಕಾಲೇಜಿಗೆ ಕನಿಷ್ಠ 100 ಹಾಸಿಗೆಗಳ ಸ್ವಂತ ಆಸ್ಪತ್ರೆ ಇರಬೇಕೆಂಬುದು ಭಾರತೀಯ ನರ್ಸಿಂಗ್ ಕೌನ್ಸಿಲಿನ ಮಾನದಂಡ. ಆ ಹಾಸಿಗೆಗಳಲ್ಲಿ ರೋಗಿಗಳಿದ್ದಾರೆಯೇ ಎಂಬುದನ್ನು ಮಾತ್ರ ಪೋಷಕರೇ ಹೋಗಿ ನೋಡಬೇಕು. ಏಕೆಂದರೆ ಈ ವೃತ್ತಿಯ ಅಸಲು ಪಾಠ ನಡೆಯುವುದು ರೋಗಿಯ ಪಕ್ಕದಲ್ಲಿ. ಉದಾಹರಣೆಗೆ, 500 ಮಿಲಿಲೀಟರ್ ದ್ರಾವಣವನ್ನು ನಾಲ್ಕು ಗಂಟೆಗಳಲ್ಲಿ ಏರಿಸಬೇಕೆಂದು ವೈದ್ಯರು ಬರೆದಿದ್ದಾರೆ ಎಂದುಕೊಳ್ಳೋಣ. ಮಿಲಿಲೀಟರಿಗೆ 20 ಹನಿ ಬೀಳುವ ಸೆಟ್ ಆದರೆ ಒಟ್ಟು ಹತ್ತು ಸಾವಿರ ಹನಿಗಳನ್ನು 240 ನಿಮಿಷಗಳಿಗೆ ಹಂಚಬೇಕು. ನಿಮಿಷಕ್ಕೆ ಸುಮಾರು 42 ಹನಿ. ಈ ಭಾಗಾಕಾರವನ್ನು ತರಗತಿಯಲ್ಲಿ ಯಾರಾದರೂ ಕಲಿತಾರು. ಆದರೆ ಗಡಿಯಾರ ನೋಡುತ್ತ ಹನಿ ಎಣಿಸಿ, ಕೊಳವೆಯ ಗಾಲಿಯನ್ನು ಬೆರಳಲ್ಲಿ ತಿರುಗಿಸಿ ಹದಕ್ಕೆ ತರುವುದು, ರೋಗಿ ಕೈ ಮಡಚಿದಾಗ ಹನಿ ನಿಂತದ್ದನ್ನು ಗಮನಿಸುವುದು ವಾರ್ಡಿನಲ್ಲಿ ಮಾತ್ರ ಬರುವ ವಿದ್ಯೆ. ಖಾಲಿ ವಾರ್ಡಿನ ಕಾಲೇಜು ಪ್ರಮಾಣಪತ್ರ ಕೊಟ್ಟೀತು, ಇದನ್ನು ಕೊಡಲಾರದು.

ನೌಕರಿಯ ವಿಷಯಕ್ಕೆ ಬಂದರೆ, ಏಮ್ಸ್ ಸಂಸ್ಥೆಗಳಲ್ಲಿ ಶುಶ್ರೂಷಾಧಿಕಾರಿಗಳನ್ನು ನೇಮಿಸುವ ‘ನಾರ್ಸೆಟ್’ ಪರೀಕ್ಷೆಗೆ ಬಿ.ಎಸ್ಸಿ. ಆದವರು ನೋಂದಣಿಯಾದೊಡನೆ ಅರ್ಹರು. ಡಿಪ್ಲೊಮಾದವರಿಗೆ 50 ಹಾಸಿಗೆಗಳ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ಖಾಸಗಿ ಕ್ಷೇತ್ರದ ಸಂಬಳ ಈ ವೃತ್ತಿಯ ಹಳೆಯ ಹುಣ್ಣು. ಸುಪ್ರೀಂ ಕೋರ್ಟಿನ 2016ರ ನಿರ್ದೇಶನದಂತೆ ರಚಿತವಾದ ಸಮಿತಿಯು 200ಕ್ಕಿಂತ ಹೆಚ್ಚು ಹಾಸಿಗೆಗಳಿರುವ ಖಾಸಗಿ ಆಸ್ಪತ್ರೆಗಳು ಸರ್ಕಾರದ ದರ್ಜೆಗೆ ಸಮನಾದ ವೇತನ ಕೊಡಬೇಕೆಂದೂ, 50ಕ್ಕಿಂತ ಕಡಿಮೆ ಹಾಸಿಗೆಯ ಕಡೆಯೂ ತಿಂಗಳಿಗೆ 20,000 ರೂಪಾಯಿಗಿಂತ ಇಳಿಯಬಾರದೆಂದೂ ಶಿಫಾರಸು ಮಾಡಿತು. ಶಿಫಾರಸು ಮತ್ತು ಸಂಬಳದ ಚೀಟಿಯ ನಡುವಿನ ಅಂತರ ಸಣ್ಣ ಊರುಗಳಲ್ಲಿ ಕೆಲಸ ಮಾಡುವವರಿಗೆ ಗೊತ್ತೇ ಇದೆ.

ಆ ಅಂತರವನ್ನು ದಾಟಿಸುವ ಒಂದು ಉಪಾಯ ವಿಶೇಷ ಪರಿಣತಿ. ಮನೋರೋಗ, ಮಕ್ಕಳ ಆರೈಕೆ, ಸಮುದಾಯ ಆರೋಗ್ಯ ಮೊದಲಾದ ವಿಭಾಗಗಳಲ್ಲಿ ಎರಡು ವರ್ಷದ ಎಂ.ಎಸ್ಸಿ. ಇದೆ, ಮನೋರೋಗ ಶುಶ್ರೂಷೆ ಕಲಿಯುವವರಿಗೆ ಬೆಂಗಳೂರಿನ ನಿಮ್ಹಾನ್ಸ್ ದೇಶದಲ್ಲೇ ಹೆಸರಾದ ಜಾಗ. ಪಾಠ ಹೇಳುವ ಆಸೆಯಿರುವವರಿಗೂ ಈ ಪದವಿ ನೆರವಾಗುತ್ತದೆ.

ಇನ್ನೊಂದು ದಾರಿ ವಿದೇಶದ್ದು. ಅಮೆರಿಕಕ್ಕೆ ‘ಎನ್‌ಕ್ಲೆಕ್ಸ್’ ಎಂಬ ಕಂಪ್ಯೂಟರ್ ಪರೀಕ್ಷೆಯಿದೆ. ಅಭ್ಯರ್ಥಿಯ ಉತ್ತರ ನೋಡಿಕೊಂಡು ಪ್ರಶ್ನೆಯ ಕಷ್ಟವನ್ನು ಏರಿಸಿ ಇಳಿಸುವ ಈ ಪರೀಕ್ಷೆ 85ರಿಂದ 150 ಪ್ರಶ್ನೆಗಳೊಳಗೆ ಮುಗಿಯುತ್ತದೆ. ಬ್ರಿಟನ್ನಿಗೆ ಇಂಗ್ಲಿಷ್ ಪರೀಕ್ಷೆಯ ಜೊತೆಗೆ ಲಿಖಿತ ಮತ್ತು ಪ್ರಾಯೋಗಿಕ ಪರೀಕ್ಷೆಗಳನ್ನು, ಜರ್ಮನಿಗೆ ಜರ್ಮನ್ ಭಾಷೆಯ ಬಿ2 ಹಂತವನ್ನು ದಾಟಬೇಕು. ಎಲ್ಲಿಗೆ ಹೊರಟರೂ ಆ ದೇಶದ ಮಂಡಳಿ ಅಭ್ಯರ್ಥಿಯ ನೋಂದಣಿಯನ್ನು ತವರು ರಾಜ್ಯದ ಕೌನ್ಸಿಲಿನಿಂದಲೇ ಖಚಿತಪಡಿಸಿಕೊಳ್ಳುತ್ತದೆ. ಕಾಲೇಜಿನ ಪತ್ರಕ್ಕಾಗಲಿ ದಲ್ಲಾಳಿಯ ಭರವಸೆಗಾಗಲಿ ಅಲ್ಲಿ ಬೆಲೆಯಿಲ್ಲ. ಆದ್ದರಿಂದ ಮಕ್ಕಳನ್ನು ನರ್ಸಿಂಗಿಗೆ ಕಳಿಸುವವರು ಮೊದಲ ವರ್ಷದ ಶುಲ್ಕ ಕಟ್ಟುವ ಮುನ್ನವೇ ಆ ಕಾಲೇಜಿನ ಹೆಸರು ಕೌನ್ಸಿಲಿನ ಮತ್ತು ವಿಶ್ವವಿದ್ಯಾಲಯದ ಆ ವರ್ಷದ ಪಟ್ಟಿಗಳಲ್ಲಿ ಇದೆಯೇ ಎಂದು ಕಣ್ಣಾರೆ ನೋಡಿಕೊಳ್ಳಬೇಕು.