ಮದುವೆ ಕ್ಯಾಸೆಟ್ಟಿನ ಕಲೆ, ಕಾಳು, ಬಣ್ಣ

ಜಪಾನಿನ ಜೆವಿಸಿ ಕಂಪನಿ 1976ರಲ್ಲಿ ಮಾರುಕಟ್ಟೆಗೆ ತಂದ ವಿಎಚ್‌ಎಸ್ ಕ್ಯಾಸೆಟ್ಟಿನೊಳಗೆ ಇರುವುದು 12.7 ಮಿಲಿಮೀಟರ್ ಅಗಲದ ಒಂದು ಪಾಲಿಯೆಸ್ಟರ್ ಪಟ್ಟಿ ಮತ್ತು ಅದರ ಮೇಲೆ ಅಂಟಿನೊಂದಿಗೆ ಬೆರೆಸಿ ಲೇಪಿಸಿದ ಕಬ್ಬಿಣದ ಆಕ್ಸೈಡಿನ ಸೂಕ್ಷ್ಮ ಕಣಗಳು. 1982ರ ಏಷ್ಯನ್ ಕ್ರೀಡಾಕೂಟದ ವರ್ಷ ದೂರದರ್ಶನ ಬಣ್ಣಕ್ಕೆ ತಿರುಗಿದ ಮೇಲೆ ಭಾರತದ ಅನುಕೂಲಸ್ಥರ ಮನೆಗಳಿಗೆ ಬಣ್ಣದ ಟಿವಿಯೂ ಅದರ ಹಿಂದೆಯೇ ಕ್ಯಾಸೆಟ್ಟು ಓಡಿಸುವ ವಿಸಿಆರೂ ಬಂದವು. ಹೆಗಲ ಮೇಲೆ ಕ್ಯಾಮೆರಾ ಹೊತ್ತ ವಿಡಿಯೊದವರು ಮತ್ತು ಅವರ ಪಕ್ಕದಲ್ಲಿ ಉರಿಯುವ ಹ್ಯಾಲೋಜನ್ ದೀಪ ಎತ್ತಿ ಹಿಡಿದ ಸಹಾಯಕರು ಕರ್ನಾಟಕದ ಕಲ್ಯಾಣ ಮಂಟಪಗಳಲ್ಲಿ ಪುರೋಹಿತರಷ್ಟೇ ಅನಿವಾರ್ಯರಾದರು. ಆಗ ಚಿತ್ರಿತವಾದ ಧಾರೆ, ನಾಮಕರಣ, ಗೃಹಪ್ರವೇಶಗಳ ಕ್ಯಾಸೆಟ್ಟುಗಳು ಈಗ ಒಂದೊಂದಾಗಿ ಕಂಪ್ಯೂಟರ್ ಕಡತಗಳಾಗುತ್ತಿವೆ. ಹಾಗೆ ಬಂದ ಕಡತವನ್ನು ದೊಡ್ಡ ಪರದೆಯಲ್ಲಿ ನೋಡಿದಾಗ ಮುಖಗಳ ಮೇಲೆ ಕಾಳು ಕುಣಿಯುವುದು, ಗೋಡೆಯ ಅಂಚು ಅಲೆಯಂತೆ ತೇಲುವುದು, ವಧುವಿನ ಕೆಂಪು ಸೀರೆಯ ಬಣ್ಣ ಸೆರಗಿನ ಗಡಿ ದಾಟಿ ಪಕ್ಕದವರ ಪಂಚೆಗೆ ಇಳಿಯುವುದು ಕಾಣುತ್ತದೆ. ಇದನ್ನೆಲ್ಲ ಸಾಫ್ಟ್‌ವೇರು ಸರಿಪಡಿಸುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಯಾವ ದೋಷ ಎಲ್ಲಿ ಹುಟ್ಟಿತು ಎಂಬುದನ್ನು ತಿಳಿಯದೆ ಮಾಡಿದ ಶುದ್ಧೀಕರಣವು ದೋಷದೊಂದಿಗೆ ಚಿತ್ರವನ್ನೂ ತೊಳೆದುಹಾಕುತ್ತದೆ.

ವಿಎಚ್‌ಎಸ್ ಯಂತ್ರದಲ್ಲಿ 62 ಮಿಲಿಮೀಟರ್ ವ್ಯಾಸದ ಒಂದು ಉರುಳೆ ಓರೆಯಾಗಿ ಕುಳಿತು, ಭಾರತದಲ್ಲಿ ಬಳಕೆಯಲ್ಲಿದ್ದ ಪಾಲ್ ಎಂಬ ಟಿವಿ ಪದ್ಧತಿಯಲ್ಲಿ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ, ಮತ್ತು ಅದರ ಮೈಮೇಲಿನ, ಸಂಕೇತವನ್ನು ಬರೆದು ಓದುವ ಎರಡು ಹೆಡ್ಡುಗಳು ಟೇಪಿನ ಮೇಲೆ ಓರೆಗೆರೆಗಳನ್ನು ಎಳೆಯುತ್ತ ಹೋಗುತ್ತವೆ. ಚಿತ್ರದ ಬೆಳಕು-ನೆರಳಿನ ಅಂಶ ಒಂದು ದಾರಿಯಲ್ಲಿ, ಬಣ್ಣದ ಅಂಶ ಇನ್ನೊಂದು ದಾರಿಯಲ್ಲಿ ಟೇಪನ್ನು ಸೇರುತ್ತವೆ. ಬೆಳಕು-ನೆರಳು 3.8ರಿಂದ 4.8 ಮೆಗಾಹರ್ಟ್ಸ್ ನಡುವೆ ಏರಿಳಿಯುವ ತರಂಗವಾಗಿ, ಅಂದರೆ ಎಫ್‌ಎಂ ರೇಡಿಯೊದ ತತ್ತ್ವದಲ್ಲಿ ದಾಖಲಾಗುವುದರಿಂದ ತರಂಗದ ಬಲ ತುಸು ಕುಗ್ಗಿದರೂ ಚಿತ್ರಕ್ಕೆ ಹೆಚ್ಚು ಧಕ್ಕೆಯಾಗುವುದಿಲ್ಲ. ಬಣ್ಣಕ್ಕೆ ಆ ರಕ್ಷಣೆ ಇಲ್ಲ. ಪ್ರಸಾರದಲ್ಲಿ 4.43 ಮೆಗಾಹರ್ಟ್ಸ್‌ನಲ್ಲಿರುವ ಬಣ್ಣದ ಸಂಕೇತವನ್ನು ಸುಮಾರು 627 ಕಿಲೊಹರ್ಟ್ಸ್‌ಗೆ ಇಳಿಸಿ, ಬೆಳಕಿನ ತರಂಗದ ಕೆಳಗೆ ಉಳಿದ ಇಕ್ಕಟ್ಟಾದ ಜಾಗದಲ್ಲಿ ನೇರವಾಗಿ ಬರೆಯಲಾಗುತ್ತದೆ. ಇದರ ಫಲವಾಗಿ, ಚಿತ್ರದ ಎತ್ತರದಷ್ಟೇ ಅಗಲದ ಜಾಗದಲ್ಲಿ ಬೆಳಕು-ನೆರಳಿನ ಸುಮಾರು 240 ಗೆರೆಗಳು ಬಿಡಿಬಿಡಿಯಾಗಿ ಕಾಣಬಲ್ಲವಾದರೆ, ಬಣ್ಣದ ಗೆರೆಗಳು ಹೆಚ್ಚೆಂದರೆ 40ರ ಆಸುಪಾಸಿನಲ್ಲಿ ನಿಲ್ಲುತ್ತವೆ. ಸೀರೆಯ ಅಂಚಿನಲ್ಲಿ ಕೆಂಪು ಚೆಲ್ಲಿದಂತೆ ಕಾಣಲು ಟೇಪು ಹಳತಾದದ್ದು ಮಾತ್ರ ಕಾರಣವಲ್ಲ. ಮದುವೆಯ ದಿನವೇ ಆ ಕೆಂಪು ಅಷ್ಟು ಒರಟಾಗಿಯೇ ದಾಖಲಾಗಿತ್ತು. ಅಂದಿನ ಚಿಕ್ಕ ಟಿವಿ ಅದನ್ನು ಮರೆಮಾಚಿತ್ತು ಅಷ್ಟೆ.

ತಂತ್ರಜ್ಞರು ನಾಯ್ಸ್ ಎನ್ನುವ ಗದ್ದಲ, ಅಂದರೆ ದೃಶ್ಯಕ್ಕೆ ಸಂಬಂಧವಿಲ್ಲದೆ ಕ್ಷಣಕ್ಷಣಕ್ಕೂ ಬದಲಾಗುವ ಕಾಳುಗಳು, ಹಲವು ಮೂಲಗಳಿಂದ ಬಂದು ಸೇರಿರುತ್ತವೆ. ಮಂದ ಬೆಳಕಿನ ಮಂಟಪದಲ್ಲಿ ಕ್ಯಾಮೆರಾ ತನ್ನ ಸಂಕೇತವನ್ನು ತಾನೇ ಹಿಗ್ಗಿಸಿಕೊಂಡಾಗ ಹುಟ್ಟಿದ ಕಾಳು ಮೊದಲನೆಯದು. ಟೇಪಿನ ಕಣಗಳ ಅಸಮಾನತೆಯಿಂದ ಬಂದದ್ದು ಅದರ ಮೇಲೆ ಕೂರುತ್ತದೆ. ಇವೆರಡಕ್ಕಿಂತ ಹೆಚ್ಚು ಹಾನಿ ಮಾಡಿದ್ದು ಪ್ರತಿಗಳ ಮೇಲಿನ ಪ್ರತಿ. ವಿಡಿಯೊದವರು ಎರಡು ಯಂತ್ರಗಳ ನಡುವೆ ಸಂಕಲನ ಮಾಡಿ, ಹೂವಿನ ಚೌಕಟ್ಟು ಮತ್ತು ಹೃದಯದಾಕಾರದ ವಿನ್ಯಾಸಗಳನ್ನು ಸೇರಿಸಿ, ಸಿನಿಮಾ ಹಾಡು ಹೊಂದಿಸಿ ಮನೆಯವರಿಗೆ ಕೊಡುತ್ತಿದ್ದ ಕ್ಯಾಸೆಟ್ಟು ಬಹುಪಾಲು ಎರಡನೆಯ ಇಲ್ಲವೇ ಮೂರನೆಯ ತಲೆಮಾರಿನದು. ಪ್ರತಿ ನಕಲಿನಲ್ಲೂ ಕಾಳು ಹೆಚ್ಚುತ್ತದೆ, ಬಣ್ಣವು ರೂಪದಿಂದ ಕಳಚಿಕೊಂಡು ಸ್ವಲ್ಪ ಕೆಳಕ್ಕೂ ಬಲಕ್ಕೂ ಜಾರುತ್ತದೆ. ಹಣೆಯ ಕುಂಕುಮ ಮೂಗಿನ ಬುಡಕ್ಕೆ ಇಳಿದಂತೆ ಕಾಣುವುದು ಈ ಜಾರುವಿಕೆಯಿಂದಲೇ.

ಶುದ್ಧೀಕರಣದ ಮೊದಲ ಹೆಜ್ಜೆ ಕಂಪ್ಯೂಟರಿನಲ್ಲಿ ಇಲ್ಲ. ಕರಾವಳಿ ಮತ್ತು ಮಲೆನಾಡಿನ ತೇವದಲ್ಲಿ ವರ್ಷಗಟ್ಟಲೆ ಇದ್ದ ಕ್ಯಾಸೆಟ್ಟಿನ ಕಿಟಕಿಯಲ್ಲಿ ಬಿಳಿ ಬೂಷ್ಟು ಕಂಡರೆ ಅದನ್ನು ಸ್ವಚ್ಛಗೊಳಿಸುವವರೆಗೆ ಯಂತ್ರಕ್ಕೆ ಹಾಕಬಾರದು, ಏಕೆಂದರೆ ಬೂಷ್ಟು ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಲೇಪ ಉದುರಿದ ಜಾಗದಲ್ಲಿ ಸಂಕೇತ ಕಡಿದುಹೋಗಿ ಪರದೆಯ ಮೇಲೆ ಬಿಳಿ ಗೀರು ಮೂಡುತ್ತದೆ. ಇದನ್ನು ಡ್ರಾಪ್‌ಔಟ್ ಎನ್ನುತ್ತಾರೆ. ಒಳ್ಳೆಯ ವಿಸಿಆರು ಅಂಥಲ್ಲಿ ಹಿಂದಿನ ಗೆರೆಯನ್ನೇ ಮತ್ತೆ ತೋರಿಸಿ ಗೀರನ್ನು ಮುಚ್ಚುತ್ತದೆ. ಟೇಪು ಹಿಗ್ಗಿ ಕುಗ್ಗುವುದರಿಂದ ಪ್ರತಿ ಗೆರೆಯೂ ತನ್ನ ಹೊತ್ತಿಗಿಂತ ತುಸು ಮುಂಚೆ ಇಲ್ಲವೇ ತಡವಾಗಿ ಆರಂಭವಾಗುತ್ತದೆ. ಗೋಡೆಯ ಅಂಚು ತೇಲುವುದು ಇದರಿಂದ. ಟೈಮ್ ಬೇಸ್ ಕರೆಕ್ಟರ್ ಎಂಬ ಸಾಧನವು ಪ್ರತಿ ಗೆರೆಯನ್ನೂ ಕ್ಷಣಕಾಲ ನೆನಪಿನಲ್ಲಿ ಹಿಡಿದು, ಸಮಾನ ಅಂತರದಲ್ಲಿ ಹೊರಬಿಡುತ್ತದೆ. ಜೆವಿಸಿ ಮತ್ತು ಪ್ಯಾನಾಸೋನಿಕ್ ತಯಾರಿಸಿದ ಕೆಲವು ದುಬಾರಿ, ಸುಧಾರಿತ ಎಸ್-ವಿಎಚ್‌ಎಸ್ ಯಂತ್ರಗಳಲ್ಲಿ ಇದು ಒಳಗೇ ಇತ್ತು, ಮತ್ತು ಬೆಳಕನ್ನೂ ಬಣ್ಣವನ್ನೂ ಬೇರೆಬೇರೆ ತಂತಿಗಳಲ್ಲಿ ಕಳಿಸುವ ಎಸ್-ವಿಡಿಯೊ ಕಿಂಡಿಯೂ ಇತ್ತು. ಓಲಾಡುವ ಗೆರೆಗಳನ್ನು ಡಿಜಿಟಲ್ ಆದ ಮೇಲೆ ನೇರಗೊಳಿಸುವುದು ಬಹುಮಟ್ಟಿಗೆ ಅಸಾಧ್ಯ. ವಿಸಿಆರ್ ತಯಾರಿಕೆಯಲ್ಲಿ ಕೊನೆಯವರೆಗೆ ಉಳಿದಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈಯಲ್ಲಿ ಅದನ್ನು ನಿಲ್ಲಿಸಿತಾದ್ದರಿಂದ ಒಳ್ಳೆಯ ಯಂತ್ರಗಳು ದಿನೇದಿನೇ ವಿರಳವಾಗುತ್ತಿವೆ. ಉತ್ಸಾಹಿಗಳ ಒಂದು ಗುಂಪು ವಿಎಚ್‌ಎಸ್-ಡಿಕೋಡ್ ಎಂಬ ಮುಕ್ತ ತಂತ್ರಾಂಶದ ಮೂಲಕ ಬೇರೆಯದೇ ದಾರಿ ಹಿಡಿದಿದೆ: ಹೆಡ್ಡಿನಿಂದ ಹೊರಡುವ ಕಚ್ಚಾ ತರಂಗವನ್ನೇ ನೇರವಾಗಿ ದಾಖಲಿಸಿ, ವಿಸಿಆರು ಮಾಡುತ್ತಿದ್ದ ಉಳಿದ ಕೆಲಸವನ್ನೆಲ್ಲ ಕಂಪ್ಯೂಟರಿಗೆ ಒಪ್ಪಿಸುವುದು. ವಿಸಿಆರನ್ನು ಬಿಚ್ಚಿ ತಂತಿ ಬೆಸೆಯಬಲ್ಲವರಿಗೆ ಇದು ಉತ್ತಮ ಮಾರ್ಗ. ಉಳಿದವರಿಗೆ ಸದ್ಯಕ್ಕೆ ಅಲ್ಲ.

ಡಿಜಿಟಲ್ ಮಾಡುವಾಗ ಬಳಸುವ ಸಂಕೋಚನದ ಪ್ರಶ್ನೆ ಬಣ್ಣದ ಪ್ರಶ್ನೆಯಷ್ಟೇ ಗಂಭೀರವಾದುದು. ಗೆರೆಗೆ 720 ಬಿಂದುಗಳಂತೆ 576 ಗೆರೆ, ಸೆಕೆಂಡಿಗೆ 25 ಚಿತ್ರ ಎಂದು ಲೆಕ್ಕ ಹಿಡಿದರೆ ಒಂದು ಗಂಟೆಯ ವಿಡಿಯೊ ಯಾವ ಸಂಕೋಚನವೂ ಇಲ್ಲದೆ ಸುಮಾರು 75 ಗಿಗಾಬೈಟ್ ಆಗುತ್ತದೆ. ಹಫ್‌ವೈಯುವಿ, ಎಫ್‌ಎಫ್‌ವಿ1 ಮೊದಲಾದ ನಷ್ಟರಹಿತ ವಿಧಾನಗಳು ಒಂದು ಬಿಂದುವನ್ನೂ ಕಳೆಯದೆ ಅದನ್ನು ಅರ್ಧದ ಆಸುಪಾಸಿಗೆ ಇಳಿಸುತ್ತವೆ. ಇದಕ್ಕೆ ವ್ಯತಿರಿಕ್ತವಾಗಿ, ಇಪ್ಪತ್ತು ವರ್ಷಗಳ ಹಿಂದೆ ಅನೇಕ ಮನೆಗಳಲ್ಲಿ ಮದುವೆ ಕ್ಯಾಸೆಟ್ಟುಗಳು ವಿಸಿಡಿಗಳಾದವು. ವಿಸಿಡಿಯಲ್ಲಿ ಇರುವುದು 288 ಗೆರೆ, ಸೆಕೆಂಡಿಗೆ 1.15 ಮೆಗಾಬಿಟ್. ಸಂಕೋಚನದ ಗಣಿತಕ್ಕೆ ಕಾಳು ಯಾವುದು, ಮುಖದ ಗೆರೆ ಯಾವುದು ಎಂದು ತಿಳಿಯದ ಕಾರಣ ಆ ಅಲ್ಪ ದತ್ತಾಂಶದ ಬಹುಭಾಗ ಕಾಳನ್ನು ಬಣ್ಣಿಸುವುದರಲ್ಲೇ ಖರ್ಚಾಗಿ, ಚಲನೆ ಹೆಚ್ಚಿದ ಕಡೆಯೆಲ್ಲ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ವಿಸಿಡಿ ಆಯಿತಲ್ಲ ಎಂದು ಕ್ಯಾಸೆಟ್ಟನ್ನು ಎಸೆದವರ ನಷ್ಟವನ್ನು ತುಂಬಿಕೊಡುವ ಸಾಧನ ಯಾವುದೂ ಇಲ್ಲ.

ಒಳ್ಳೆಯ ಕಡತ ಕೈಗೆ ಬಂದ ಮೇಲೆ ಗದ್ದಲವನ್ನು ಇಳಿಸುವ ಮುಖ್ಯ ಉಪಾಯ ಕಾಲದ ಸರಾಸರಿ. ದೃಶ್ಯದ ವಸ್ತುಗಳು ಚಿತ್ರದಿಂದ ಚಿತ್ರಕ್ಕೆ ಉಳಿಯುತ್ತವೆ, ಕಾಳು ಉಳಿಯುವುದಿಲ್ಲ. ಆದ್ದರಿಂದ ಒಂದರ ಮೇಲೊಂದು ನಾಲ್ಕು ಚಿತ್ರಗಳ ಸರಾಸರಿ ತೆಗೆದರೆ ಗದ್ದಲ ಅರ್ಧಕ್ಕೆ ಇಳಿಯುತ್ತದೆ, ಒಂಬತ್ತರದ್ದು ತೆಗೆದರೆ ಮೂರನೆಯ ಒಂದಕ್ಕೆ. ಆದರೆ ದೃಶ್ಯದಲ್ಲಿ ಜನ ನಡೆದಾಡುತ್ತಾರೆ, ಕ್ಯಾಮೆರಾ ತಿರುಗುತ್ತದೆ, ಮತ್ತು ಹಾಗೆಯೇ ಸರಾಸರಿ ತೆಗೆದರೆ ನಡೆಯುವವರ ಹಿಂದೆ ನೆರಳಿನ ಬಾಲ ಬೆಳೆಯುತ್ತದೆ. ಅವಿಸಿಂತ್, ವೇಪರ್‌ಸಿಂತ್ ಎಂಬ ಉಚಿತ ತಂತ್ರಾಂಶಗಳಲ್ಲಿ ದೊರೆಯುವ ಚಲನಾನುಸಾರಿ ಶೋಧಕಗಳು (ಫಿಲ್ಟರುಗಳು) ಚಿತ್ರವನ್ನು ಸಣ್ಣ ಚೌಕಗಳಾಗಿ ಸೀಳಿ, ಪ್ರತಿ ಚೌಕ ಮುಂದಿನ ಚಿತ್ರದಲ್ಲಿ ಎಲ್ಲಿಗೆ ಸರಿಯಿತು ಎಂದು ಹುಡುಕಿ, ಅಲ್ಲಿಂದ ಸರಾಸರಿ ತೆಗೆಯುತ್ತವೆ. ಇದಕ್ಕೆ ಮುನ್ನ ಒಂದು ಎಚ್ಚರ ಬೇಕು. ಟಿವಿಯ ಒಂದು ಚಿತ್ರವೆಂದರೆ ಸೆಕೆಂಡಿನ 50ನೆಯ ಒಂದು ಭಾಗದಷ್ಟು ಅಂತರದಲ್ಲಿ ಸೆರೆಯಾದ ಎರಡು ಅರೆಚಿತ್ರಗಳ ಹೆಣಿಗೆ. ಬೆಸಗೆರೆಗಳು ಒಂದಕ್ಕೆ, ಸಮಗೆರೆಗಳು ಇನ್ನೊಂದಕ್ಕೆ ಸೇರಿರುತ್ತವೆ. ಇವನ್ನು ಬೇರ್ಪಡಿಸದೆ ಶೋಧಿಸಿದರೆ ಎರಡು ಬೇರೆ ಕ್ಷಣಗಳು ಕಲಸಿಹೋಗುತ್ತವೆ. ಕ್ಯೂಟಿಜಿಎಂಸಿ ಎಂಬ ಪ್ರಸಿದ್ಧ ವಿಧಾನ ಅರೆಚಿತ್ರಗಳನ್ನು ಸೆಕೆಂಡಿಗೆ 50 ಪೂರ್ಣ ಚಿತ್ರಗಳಾಗಿ ಬೆಳೆಸುತ್ತದೆ, ಮತ್ತು ಆ ಪ್ರಕ್ರಿಯೆಯಲ್ಲೇ ಸ್ವಲ್ಪ ಕಾಳನ್ನೂ ಕಳೆಯುತ್ತದೆ.

ಬಣ್ಣದ ಗದ್ದಲವನ್ನು ಧೈರ್ಯವಾಗಿ ಕಳೆಯಬಹುದು, ಬೆಳಕಿನ ಗದ್ದಲವನ್ನು ಅಂಜುತ್ತ ಕಳೆಯಬೇಕು. ಬಣ್ಣದಲ್ಲಿ ಸೂಕ್ಷ್ಮ ವಿವರ ಮೊದಲೇ ಇಲ್ಲ, ಮನುಷ್ಯನ ಕಣ್ಣೂ ಬಣ್ಣದ ಸೂಕ್ಷ್ಮತೆಯನ್ನು ಅಷ್ಟಾಗಿ ಗಮನಿಸುವುದಿಲ್ಲ. ಹಾಗಾಗಿ ಕೆಂಪು-ನೀಲಿ ಮಚ್ಚೆಗಳ ಅಡ್ಡಪಟ್ಟಿಗಳನ್ನು ಬಲವಾಗಿ ನಯಗೊಳಿಸಿದರೂ ನಷ್ಟ ಕಡಿಮೆ. ಬೆಳಕಿನಲ್ಲಿ ಮಾತ್ರ ಚರ್ಮದ ರಚನೆ, ಜರಿಯ ನೇಯ್ಗೆ, ಕೂದಲಿನ ಎಳೆ ಎಲ್ಲವೂ ಕಾಳಿನೊಂದಿಗೆ ಬೆರೆತಿರುತ್ತವೆ, ಮತ್ತು ಅತಿಯಾಗಿ ತೊಳೆದ ಮುಖ ಮೇಣದ ಗೊಂಬೆಯಂತಾಗುತ್ತದೆ. ಮದುವೆಯ ಚಿತ್ರಗಳಲ್ಲಿ ಇದಕ್ಕಿಂತ ವಿಚಿತ್ರವಾದ ನಷ್ಟವೊಂದುಂಟು. ಮಾಂಗಲ್ಯಧಾರಣೆಯ ಹೊತ್ತಿಗೆ ಗಾಳಿಯಲ್ಲಿ ತೂರಿಬರುವ ಅಕ್ಷತೆಯ ಕಾಳು ಚಿಕ್ಕದು, ಬಿಳಿಚಿದ್ದು, ಒಂದೇ ಚಿತ್ರದಲ್ಲಿ ಇಲ್ಲಿ ಕಂಡು ಮುಂದಿನದರಲ್ಲಿ ಮಾಯವಾಗುವಂಥದ್ದು. ಡ್ರಾಪ್‌ಔಟಿನ ಕಲೆಯ ಲಕ್ಷಣವೂ ನಿಖರವಾಗಿ ಇದೇ ಆಗಿರುವುದರಿಂದ ಕಲೆ ತೆಗೆಯುವ ಶೋಧಕವು ಅಕ್ಷತೆಯನ್ನೂ ಕಲೆಯೆಂದೇ ಬಗೆದು ಅಳಿಸಿಹಾಕುತ್ತದೆ. ಜನ ಕೈ ಎತ್ತಿ ಎಸೆಯುತ್ತಾರೆ, ಏನೂ ಬೀಳುವುದಿಲ್ಲ! ಹೋಮದ ಹೊಗೆಯೂ ಹೀಗೆಯೇ. ನಿಶ್ಚಿತ ಆಕಾರವಿಲ್ಲದೆ ಸದಾ ಬದಲಾಗುವ ಅದನ್ನು ಶೋಧಕ ಬೂದು ಗೋಡೆಯಾಗಿಸುತ್ತದೆ. ಆದ್ದರಿಂದ ಇಡೀ ಕ್ಯಾಸೆಟ್ಟಿಗೆ ಒಂದೇ ಪ್ರಮಾಣ ಹಾಕದೆ, ಇಂಥ ಭಾಗಗಳಲ್ಲಿ ಶೋಧಕವನ್ನು ಸಡಿಲಿಸುವುದು ಅಥವಾ ಪೂರ್ತಿ ನಿಲ್ಲಿಸುವುದು ಉಚಿತ.

ಜಾರಿದ ಬಣ್ಣವನ್ನು ಗೆರೆಗಳ ಲೆಕ್ಕದಲ್ಲಿ ಮೇಲಕ್ಕೂ ಎಡಕ್ಕೂ ಸರಿಸಿ, ಗದ್ದಲ ಇಳಿಸಿದ ಮೇಲಷ್ಟೇ ಬಣ್ಣದ ತಿದ್ದುಪಡಿಗೆ ಕೈ ಹಾಕಬೇಕು, ಏಕೆಂದರೆ ಮೊದಲೇ ಬಣ್ಣವನ್ನು ಏರಿಸಿದರೆ ಮಚ್ಚೆಗಳೂ ಏರುತ್ತವೆ. ಪಾಲ್ ಪದ್ಧತಿಯು ಒಂದು ಗೆರೆ ಬಿಟ್ಟು ಒಂದರಲ್ಲಿ ಬಣ್ಣಸಂಕೇತದ ಒಂದು ಅಂಶವನ್ನು ತಿರುವುಮುರುವಾಗಿಸಿ ದೋಷಗಳನ್ನು ಪರಸ್ಪರ ರದ್ದುಪಡಿಸುವುದರಿಂದ ಭಾರತದ ಕ್ಯಾಸೆಟ್ಟುಗಳಲ್ಲಿ ಟೇಪಿನ ದೆಸೆಯಿಂದ ಬಣ್ಣ ಮಾಸಬಹುದೇ ಹೊರತು ಹಸಿರು ನೀಲಿಯಾಗುವುದು ಅಪರೂಪ. ಬಣ್ಣ ಕೆಟ್ಟಿದ್ದರೆ ಅದಕ್ಕೆ ಹೆಚ್ಚಾಗಿ ಹೊಣೆ ಅಂದಿನ ದೀಪಗಳು. ಹ್ಯಾಲೋಜನ್ನಿನ ಸುಮಾರು 3200 ಕೆಲ್ವಿನ್ ಬೆಳಕು ಹಳದಿಗೆಂಪು, ಬಾಗಿಲಿನಿಂದ ಬರುವ 5600 ಕೆಲ್ವಿನ್ ಹಗಲು ನೀಲಿ, ಛತ್ರದ ಟ್ಯೂಬ್‌ಲೈಟು ಹಸಿರು ಛಾಯೆಯದು. ಇವು ಮೂರೂ ಒಂದೇ ಚಿತ್ರದಲ್ಲಿ ಕೂಡಿರುವಾಗ ಎಲ್ಲಕ್ಕೂ ಒಪ್ಪುವ ತಿದ್ದುಪಡಿ ಎಂಬುದಿಲ್ಲ. ವಧೂವರರ ಮುಖಕ್ಕೆ ನ್ಯಾಯ ಒದಗಿಸಿ, ಹಿಂದಿನ ಸಾಲಿನ ನೆಂಟರು ತುಸು ಹಸಿರಾಗಿ ಉಳಿಯುವುದನ್ನು ಒಪ್ಪಿಕೊಳ್ಳುವುದೇ ಲೇಸು.

ತಿದ್ದುವವರು ಸಾಮಾನ್ಯವಾಗಿ ಬಿಳಿಯನ್ನು ಆಧಾರವಾಗಿ ಹಿಡಿಯುತ್ತಾರೆ: ಬಿಳಿ ವಸ್ತುವಿನಲ್ಲಿ ಕೆಂಪು, ಹಸಿರು, ನೀಲಿ ಸಮವಾಗುವಂತೆ ಮಾಡಿದರೆ ಉಳಿದ ಬಣ್ಣಗಳೂ ಸರಿಹೋಗುತ್ತವೆ ಎಂಬ ತರ್ಕ ಇದರ ಹಿಂದೆ ಇದೆ. ಮದುವೆಯ ಚಿತ್ರದಲ್ಲಿ ವರನ ಪಂಚೆಯನ್ನು ಹೀಗೆ ಹಿಡಿದರೆ, ಅದು ಅರಿಸಿನ ತಾಗಿದ್ದೋ ಕೆನೆಬಣ್ಣದ ರೇಷ್ಮೆಯದೋ ಆಗಿದ್ದು, ಇಡೀ ದೃಶ್ಯ ನೀಲಿಗೆ ಓಲುತ್ತದೆ. ಸುಣ್ಣದ ಗೋಡೆ, ಆಮಂತ್ರಣ ಪತ್ರಿಕೆಯ ಕಾಗದ, ಸ್ಟೀಲಿನ ಪಾತ್ರೆ ಹೆಚ್ಚು ನಂಬಲರ್ಹ. ಇನ್ನೊಂದು ಆಧಾರ ಚರ್ಮದ ಬಣ್ಣ. ವೆಕ್ಟರ್‌ಸ್ಕೋಪ್ ಎಂಬ ವೃತ್ತಾಕಾರದ ನಕ್ಷೆಯಲ್ಲಿ ಕಪ್ಪು, ಗೋಧಿ, ಬಿಳಿ ಯಾವ ಮೈಬಣ್ಣದವರೇ ಆಗಲಿ, ಅವರ ಚರ್ಮದ ವರ್ಣ ಹೆಚ್ಚುಕಡಿಮೆ ಒಂದೇ ಗೆರೆಯ ಸುತ್ತ ಬಂದು ಬೀಳುತ್ತದೆ; ವ್ಯತ್ಯಾಸವಿರುವುದು ಮುಖ್ಯವಾಗಿ ಅದರ ಹೊಳಪಿನಲ್ಲಿ. ಮುಖಗಳನ್ನು ಬೆಳ್ಳಗಾಗಿಸುವ ಚಪಲಕ್ಕೆ ಶುದ್ಧೀಕರಣವೆಂಬ ಹೆಸರು ಕೊಡುವ ಸ್ಟುಡಿಯೊಗಳು ಇಲ್ಲದಿಲ್ಲ, ಆದರೆ ಅದು ತಿದ್ದುಪಡಿಯಲ್ಲ. ಸುಟ್ಟ ಬಿಳಿಯನ್ನು, ಅಂದರೆ ಡಿಜಿಟಲ್ ಮಾಡುವಾಗ ಗರಿಷ್ಠ ಮಿತಿಯನ್ನು ದಾಟಿ ಕತ್ತರಿಸಿಹೋದ ಮಲ್ಲಿಗೆಯ, ಪಂಚೆಯ ವಿವರವನ್ನು ಮತ್ತೆ ಪಡೆಯಲು ಟೇಪನ್ನೇ ಹೊಳಪು ತಗ್ಗಿಸಿ ಇನ್ನೊಮ್ಮೆ ಓಡಿಸಬೇಕು.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಈ ಸಮಸ್ಯೆಗೆ ಮತ್ತೊಂದು ಮುಖವಿದೆ. ಊರಿನಿಂದ ಹೋದ ಪಾಲ್ ಕ್ಯಾಸೆಟ್ಟು ಅಲ್ಲಿನ 525 ಗೆರೆಗಳ ಎನ್‌ಟಿಎಸ್‌ಸಿ ಯಂತ್ರದಲ್ಲಿ ಓಡದ ಕಾರಣ ಅನೇಕರು ಅಲ್ಲಿ ಪರಿವರ್ತಿತ ಪ್ರತಿ ಮಾಡಿಸಿಕೊಂಡರು. ಸೆಕೆಂಡಿಗೆ 50 ಅರೆಚಿತ್ರಗಳನ್ನು 60ಕ್ಕೆ ಹಿಗ್ಗಿಸುವಾಗ ಅಕ್ಕಪಕ್ಕದ ಅರೆಚಿತ್ರಗಳನ್ನು ಕಲಸಿದ ಪ್ರತಿಗಳಲ್ಲಿ ಚಲಿಸುವ ಕೈಗಳೆಲ್ಲ ಜೋಡಿಯಾಗಿ ಕಾಣುತ್ತವೆ, ಮತ್ತು ಆ ಕಲಸನ್ನು ಬಿಡಿಸುವುದು ಗದ್ದಲ ಕಳೆಯುವುದಕ್ಕಿಂತ ಕಠಿಣ. ಊರಿನ ಮನೆಯ ಅಟ್ಟದಲ್ಲಿ ಮೂಲ ಕ್ಯಾಸೆಟ್ಟು ಉಳಿದಿದ್ದರೆ ಅದನ್ನು ಹುಡುಕಿ ತರಿಸುವುದೇ ಮೇಲು.

ಈಚೆಗೆ ಕೃತಕ ಬುದ್ಧಿಮತ್ತೆಯ ಸಾಧನಗಳು ಹಳೆಯ ವಿಡಿಯೊವನ್ನು ಹೊಸದರಂತೆ ಹೊಳೆಯಿಸುವ ಭರವಸೆ ಕೊಡುತ್ತಿವೆ. ಅವು ಟೇಪಿನಲ್ಲಿಲ್ಲದ ವಿವರವನ್ನು, ತಾವು ಕಲಿತ ಸಾವಿರಾರು ಬೇರೆ ಮುಖಗಳ ಆಧಾರದ ಮೇಲೆ ಊಹಿಸಿ ಬರೆಯುತ್ತವೆ. ದೂರದಲ್ಲಿ ಮಸುಕಾಗಿ ಕಾಣುವ ಅಜ್ಜಿಗೆ ಸ್ಪಷ್ಟವಾದ, ಆದರೆ ಬೇರೆ ಯಾರದೋ ಕಣ್ಣು ಮೂಗುಗಳು ಬರುತ್ತವೆ. ಮನರಂಜನೆಗೆ ಇದು ಸಾಕು, ಕುಟುಂಬದ ದಾಖಲೆಗೆ ಸಲ್ಲದು.

ಆದ್ದರಿಂದ ಕ್ಯಾಸೆಟ್ಟನ್ನು ಡಿಜಿಟಲ್ ಮಾಡಿಸಲು ಕೊಡುವವರು ಶುದ್ಧಗೊಳಿಸಿದ ಪ್ರತಿಯ ಜೊತೆಗೆ, ಯಾವ ಶೋಧಕವೂ ತಾಗದ ನಷ್ಟರಹಿತ ಕಡತವನ್ನು ಕೇಳಿ ಪಡೆಯಬೇಕು. ಮೂರು ಗಂಟೆಯ ಒಂದು ಕ್ಯಾಸೆಟ್ಟಿಗೆ ಸುಮಾರು ನೂರು ಗಿಗಾಬೈಟ್ ಜಾಗ ಹಿಡಿಯುವ ಅದನ್ನು ಎರಡು ಬೇರೆ ಹಾರ್ಡ್‌ಡಿಸ್ಕುಗಳಲ್ಲಿ ಇಡಬೇಕು, ಮತ್ತು ಕ್ಯಾಸೆಟ್ಟನ್ನು ಸ್ಟುಡಿಯೊದಲ್ಲಿ ಬಿಡದೆ ಮನೆಗೆ ವಾಪಸು ತರಬೇಕು.